ಡೈನಮೋ ವೇಷದ ಆಲ್ಟರ್ನೇಟರ್

ಹಳೇ ಅಮೆರಿಕನ್ ಕಾರಿನ ಮಡ್‌ಗಾರ್ಡು, ಬಾನೆಟ್ಟು ಕಿತ್ತು, ಎಂಜಿನ್ನಿನ ಕಸುವು ಹೆಚ್ಚಿಸಿ ಓಡಿಸಿದರೆ ಅದು ಹಾಟ್ ರಾಡ್. 1932ರ ಫೋರ್ಡ್ ಅಂದ್ರೆ ಈ ಹುಚ್ಚಿನವರಿಗೆ ಪ್ರಾಣ. ಫೋರ್ಡ್‌ನ ಫ್ಲಾಟ್‌ಹೆಡ್ ವಿ8 ಎಂಜಿನ್ ಬಂದಿದ್ದೂ ಅದೇ ವರ್ಷ. ಬಾನೆಟ್ ಇಲ್ಲದ ಮೇಲೆ ಎಂಜಿನ್ನೇ ಗಾಡಿಯ ಮುಖ. ಅದರ ಮೇಲೆ ಉದ್ದನೆಯ ಡಬ್ಬಿಯಂಥ ಕಪ್ಪು ಜನರೇಟರ್ ಕೂತಿರುತ್ತೆ. ನೋಡೋಕೆ ತಾತನ ಕಾಲದ್ದು. ಎಷ್ಟೋ ಗಾಡಿಗಳಲ್ಲಿ ಅದರ ಹೊಟ್ಟೆಯೊಳಗಿರೋದು ಇವತ್ತಿನ ಆಲ್ಟರ್ನೇಟರ್!

ಈ ವೇಷ ಯಾಕೆ ಅಂತ ತಿಳಿಯೋಕೆ ಸೈಕಲ್ ಡೈನಮೋ ನೆನಪಿಸಿಕೊಳ್ಳಿ. ಪೆಡಲ್ ನಿಧಾನವಾದರೆ ಲೈಟು ಮಂಕು. ಹಳೇ ಕಾರಿನ ಜನರೇಟರ್ ಕಥೆಯೂ ಅಷ್ಟೆ. ಅದರಲ್ಲಿ ತಿರುಗುವ ಭಾಗದಲ್ಲೇ ಕರೆಂಟ್ ಹುಟ್ಟಿ, ಅಷ್ಟೂ ಬ್ರಷ್‌ಗಳ ಮೂಲಕ ಹೊರಬರಬೇಕು. ತುಂಬಾ ಜೋರಾಗಿ ತಿರುಗಿಸುವ ಹಾಗೂ ಇಲ್ಲ. ಹಾಗಾಗಿ ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಸೊರಗುತ್ತೆ. ಆಲ್ಟರ್ನೇಟರ್‌ನಲ್ಲಿ ಕರೆಂಟ್ ಹುಟ್ಟೋದು ಅಲುಗಾಡದ ಸುರುಳಿಗಳಲ್ಲಿ. ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಎಂಜಿನ್ ನಿಧಾನವಾಗಿದ್ದರೂ ಬ್ಯಾಟರಿ ಚಾರ್ಜ್ ಆಗುತ್ತೆ. ಕ್ರೈಸ್ಲರ್ 1960ರ ವೇಲಿಯಂಟ್‌ನಲ್ಲಿ ಇದನ್ನು ಕೊಟ್ಟಿತು. ಎಲೆಕ್ಟ್ರಿಕ್ ಫ್ಯಾನು, ಸ್ಟೀರಿಯೋ ಹಾಕಿಸಿದ ಹಾಟ್ ರಾಡ್‌ಗೆ ಇದು ಬೇಕೇ ಬೇಕು.

ಆದರೆ ಆಲ್ಟರ್ನೇಟರ್ ಗಿಡ್ಡ, ದಪ್ಪ. ಹಳೇ ಎಂಜಿನ್ನಿನ ಮೇಲೆ ಪಂಚೆಗೆ ಸ್ಪೋರ್ಟ್ಸ್ ಶೂ ಹಾಕಿದಂತೆ ಕಾಣುತ್ತೆ. ಅದಕ್ಕೇ ಜನರೇಟರ್ ಆಕಾರದ ಕವಚ. ಕೆಲವರು ಹಳೇ ರೆಗ್ಯುಲೇಟರ್ ಡಬ್ಬಿಯನ್ನೂ ಖಾಲಿ ಮಾಡಿ, ಅಂದಕ್ಕೆ ಅಂತ ಹಾಗೇ ಉಳಿಸ್ತಾರೆ.

ಮಜಾ ಏನಂದ್ರೆ, 1930, 40ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಣಕೆರೆಗಳ ಮೇಲೆ ರೇಸ್ ಬಿಡ್ತಿದ್ದ ಹುಡುಗರಿಗೆ ಹಳೇದರ ಮೋಹವೇ ಇರಲಿಲ್ಲ. ವೇಗ ಕೊಡೋದು ಏನು ಸಿಕ್ಕರೂ ಸಿಕ್ಕಿಸ್ತಿದ್ದರು. ಆಲ್ಟರ್ನೇಟರ್ ಕೈಗೆ ಸಿಕ್ಕಿದ್ದರೆ ಎದೆಯುಬ್ಬಿಸಿ ತೋರಿಸ್ತಿದ್ದರೋ ಏನೋ. ಮುಚ್ಚಿಡುವ ಆಸೆ ನಮ್ಮ ಕಾಲದ್ದು.

ಹಾಗಂತ ಈ ವೇಷದ ಬಗ್ಗೆ ನನಗೆ ತಕರಾರಿಲ್ಲ. ಯಕ್ಷಗಾನದ ರಾವಣನ ಕಿರೀಟದ ಕೆಳಗೆ ಯಾರಿದ್ದಾರೆ ಅಂತ ಪ್ರೇಕ್ಷಕರಿಗೆ ಗೊತ್ತಿದ್ದೂ ಖುಷಿಪಡ್ತಾರಲ್ಲ, ಹಾಗೆ. ನನ್ನ ತಕರಾರು ಗೊತ್ತಿಲ್ಲದವನ ಪರವಾಗಿ. ಹಳೇ ಫೋರ್ಡ್‌ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಹೋಗುತ್ತಿತ್ತು. ಆಲ್ಟರ್ನೇಟರ್ ಹಾಕಿದ ಮೇಲೆ ಸಾಮಾನ್ಯವಾಗಿ ನೆಗೆಟಿವ್. ಗಾಡಿ ಕೈ ಬದಲಾಗಿ, ಹೊಸ ಮೆಕ್ಯಾನಿಕ್ ಕವಚ ನಂಬಿ ಹಳೇ ಕ್ರಮದಲ್ಲಿ ಬ್ಯಾಟರಿ ಕೊಟ್ಟರೆ ಡಯೋಡ್‌ಗಳು ಸುಟ್ಟು ಹೋಗುತ್ತವೆ. ಮಾರುವಾಗ ಬಾಯಿಬಿಟ್ಟು ಹೇಳಿದರೆ ಅದು ಅಲಂಕಾರ, ಹೇಳದಿದ್ದರೆ ಮೋಸ. ಬ್ಯಾಟರಿ ಪಕ್ಕ ಒಂದು ಚೀಟಿ ಅಂಟಿಸಿದರೂ ಸಾಕು, ಅಂದವೂ ಕೆಡಲ್ಲ, ಡಯೋಡೂ ಉಳಿಯುತ್ತೆ.