ನಾಲ್ಕರ ಬಸ್ಸಿಗೆ ಊರು ಬಿಡುವವರು

ನವಲಗುಂದದಲ್ಲಿ ಎರಡು ಖೋಲಿಯ ಮನೆಗೆ ಕೊಡುವ ಬಾಡಿಗೆಗೆ ಹುಬ್ಬಳ್ಳಿಯಲ್ಲಿ ಒಂದು ಖೋಲಿ ಸಿಗುವುದೂ ಕಷ್ಟ. ಹಾಗಿದ್ದರೂ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರಲ್ಲಿ ನಾನು ಮಾತಾಡಿಸಿದವರೆಲ್ಲ ಹುಬ್ಬಳ್ಳಿ, ಇಲ್ಲವೇ ಧಾರವಾಡದಲ್ಲೇ ಮನೆ ಮಾಡಿದ್ದಾರೆ. ಮುಂಜಾನೆ ಬಸ್ಸಿಳಿದು ಬರುತ್ತಾರೆ, ನಾಲ್ಕರ ಬಸ್ಸಿಗೆ ಊರು ಬಿಡುತ್ತಾರೆ. ಪಗಾರ ಸಾಲದೆ ಧರಣಿ ಕೂರುವವರು ಬಾಡಿಗೆ ದುಬಾರಿ ಇರುವ ಊರಲ್ಲೇ ಯಾಕೆ ಇರುತ್ತಾರೆ? ಇದು ನನಗೆ ಬಗೆಹರಿಯದ ಪ್ರಶ್ನೆ. ಕೇಳಿದ್ದನ್ನೂ ಕಂಡದ್ದನ್ನೂ ಬಂದಂತೆ ಬರೆದಿಡುತ್ತಿದ್ದೇನೆ.

*

ಮೊದಲು ಪಗಾರದ ಲೆಕ್ಕ. 2021ರ ಡಿಸೆಂಬರಿನಲ್ಲಿ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದಾಗ ಅವರ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 11,000 ರೂಪಾಯಿ. ನೆಟ್, ಸೆಟ್ ಇಲ್ಲವೇ ಪಿಎಚ್‌ಡಿ ಇದ್ದವರಿಗೆ 13,000. ಮರುವರ್ಷದ ಸಂಕ್ರಾಂತಿ ಹೊತ್ತಿಗೆ ಆಗಿನ ಉನ್ನತ ಶಿಕ್ಷಣ ಸಚಿವ ಸಿ.ಎನ್. ಅಶ್ವತ್ಥನಾರಾಯಣ ಅದನ್ನು 26,000ದಿಂದ 32,000ದವರೆಗೆ ಏರಿಸಿ ಪ್ರಕಟಿಸಿದರು. ಅದರ ಜೊತೆಗೇ ವಾರಕ್ಕೆ 8–10 ತಾಸಿದ್ದ ಪಾಠ 15 ತಾಸಾಯಿತು. ಇದ್ದ ತಾಸುಗಳನ್ನೇ ಹೀಗೆ ಹಂಚಿದರೆ ಕೆಲವರು ಹೊರಗೆ ಉಳಿಯಲೇಬೇಕು. ಉಳಿದರು. ಒಬ್ಬರ ಪಗಾರ ಏರಿದ್ದು ಇನ್ನೊಬ್ಬರ ಜಾಗ ಹೋಗಿ.

2023ರ ಕೊನೆಗೆ ಮತ್ತೆ ಮುಷ್ಕರ. 2024ರ ಜನವರಿ 1ರಂದು ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಕೇಳಿದ್ದು ಸೇವೆ ಕಾಯಂ ಮಾಡಿರಿ ಅಂತ. ಸಿಕ್ಕದ್ದು ಸೇವೆಯ ವರ್ಷ ನೋಡಿ 5,000ದಿಂದ 8,000 ರೂಪಾಯಿ ಏರಿಕೆ, 60 ತುಂಬಿದ ಮೇಲೆ 5 ಲಕ್ಷದ ಇಡಿಗಂಟು, ಆರೋಗ್ಯ ವಿಮೆ. ಸಣ್ಣದೇನಲ್ಲ, ಆದರೆ ಕೇಳಿದ್ದು ಅದಲ್ಲ.

ಪಕ್ಕದ ಖೋಲಿಯಲ್ಲಿ ಅದೇ ಪಠ್ಯವನ್ನು ಅದೇ ಹುಡುಗರಿಗೆ ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಶುರುವಾಗುವುದೇ 57,700ರಿಂದ. ಅತಿಥಿ ಉಪನ್ಯಾಸಕರಿಗೆ ಒಂದು ಪಾಠಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ 50,000ದವರೆಗೆ ಕೊಡಬಹುದು ಎಂದು ಯುಜಿಸಿ 2019ರಲ್ಲೇ ಹೇಳಿದೆ. ದಿಲ್ಲಿಯ ಕಾಗದದಲ್ಲಿ ಇರುವ ಅಂಕಿ ಹುಬ್ಬಳ್ಳಿ ದಾಟುವ ಹೊತ್ತಿಗೆ ಯಾಕೆ ಇಳಿಯುತ್ತದೆ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಅರ್ಹತೆ ಕೇಳುವಾಗ ಯುಜಿಸಿ ನಿಯಮ ನೆನಪಾಗುತ್ತದೆ, ಪಗಾರ ಕೊಡುವಾಗ ಯಾಕೆ ಆಗುವುದಿಲ್ಲ?

*

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮೇಡಂ ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಕಿರುಪರೀಕ್ಷೆಯ ಪೇಪರ್ ತಿದ್ದುತ್ತಿದ್ದರು. ಸಮಾಜಶಾಸ್ತ್ರದವರು. ಈ ಭಾಗದ ಒಂದು ಕಾಲೇಜು, ಹೆಸರು ಬರೆಯುವುದಿಲ್ಲ. ಬಸ್ಸು ಕುಲುಕಿದಾಗ ಪೆನ್ನು ಎತ್ತುತ್ತಾರೆ, ರಸ್ತೆ ನೆಟ್ಟಗಾದಾಗ ಮತ್ತೆ ಇಡುತ್ತಾರೆ. ಒಂದು ಉತ್ತರದ ಪಕ್ಕದಲ್ಲಿ ಮಾರ್ಕ್ಸ್ ಅಷ್ಟೇ ಬರೆಯದೆ, ‘ನಿಮ್ಮ ಊರಿನ ಉದಾಹರಣೆ ಕೊಡಬಹುದಿತ್ತು’ ಎಂದು ಸಣ್ಣ ಅಕ್ಷರದಲ್ಲಿ ಬರೆದರು. ಅದನ್ನು ಬರೆಯಲು ಯಾರೂ ಅವರಿಗೆ ತಾಸಿನ ಲೆಕ್ಕ ಕೊಡುವುದಿಲ್ಲ.

‘ಪಗಾರ ಆತೇನ್ರಿ ಮೇಡಂ?’

‘ಎಲ್ಲಿ ಆಗಬೇಕ್ರಿ ಕಾಕಾ. ಬಜೆಟ್ ಬಿಡುಗಡೆ ಆಗಬೇಕಂತ. ಆಮ್ಯಾಲೆ ಕಾಲೇಜಿಗೆ ಬರಬೇಕು, ಆಮ್ಯಾಲೆ ಬಿಲ್ ಆಗಬೇಕು. ಮೂರು ತಿಂಗಳದು ಕೂಡೇ ಬರತೈತಿ ಅಂತಾರ.’

‘ಯಾವಾಗಂತ?’

‘ಅದನ್ನಷ್ಟು ಕೇಳಬ್ಯಾಡ್ರಿ.’

ಅವರಿಗೆ ಹೆಣ್ಣುಮಕ್ಕಳ ಶಕ್ತಿ ಯೋಜನೆಯ ಟಿಕೆಟ್ಟು, 2023ರ ಜೂನ್‌ನಿಂದ ಬಸ್ ಖರ್ಚಿಲ್ಲ. ಹಿಂದಿನ ಸೀಟಿನ ಅವರ ಸಹೋದ್ಯೋಗಿ ರೊಕ್ಕ ಕೊಟ್ಟು ಟಿಕೆಟ್ ತಗೊಂಡರು. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15 ಏರಿದ ಮೇಲೆ ಅವರ ತಿಂಗಳ ಲೆಕ್ಕ ಬದಲಾಗಿದೆ. ಸರ್ಕಾರ ಮೇಡಂ ಅವರ ಬಸ್ ಖರ್ಚು ತಪ್ಪಿಸಿದ್ದು ದೊಡ್ಡ ಉಪಕಾರ, ಅವರೇ ಹಾಗೆ ಹೇಳಿದರು. ಆ ಟಿಕೆಟ್ಟು ಇಲ್ಲದಿದ್ದರೆ ಪಗಾರವಿಲ್ಲದ ತಿಂಗಳಲ್ಲಿ ಕಾಲೇಜಿಗೆ ಬರಲು ಕೈಗಡ ತರಬೇಕಾಗುತ್ತಿತ್ತಂತೆ.

*

ಹುಬ್ಬಳ್ಳಿಯಲ್ಲಿ ಯಾಕೆ ಇರುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ನಕಾಶೆಯಲ್ಲೇ ಇದೆ. ವಿಜಯಪುರದ ಕಡೆಯಿಂದ ಬರುವ ಹೆದ್ದಾರಿ ನವಲಗುಂದ ದಾಟಿ ಹುಬ್ಬಳ್ಳಿಗೆ ಬರುತ್ತದೆ, ಅಲ್ಲಿಂದ ಕಲಘಟಗಿ ಹಾದು ಕಾರವಾರದ ಕಡೆ ಇಳಿಯುತ್ತದೆ. ಗದಗ ರಸ್ತೆಯಲ್ಲಿ ಅಣ್ಣಿಗೇರಿ. ಲಕ್ಷ್ಮೇಶ್ವರದ ರಸ್ತೆಯಲ್ಲಿ ಕುಂದಗೋಳ. ಎಲ್ಲಕ್ಕೂ ನಡುವೆ ಹುಬ್ಬಳ್ಳಿ. ನವಲಗುಂದದಲ್ಲಿ ಮನೆ ಮಾಡಿದವರಿಗೆ ಮುಂದಿನ ವರ್ಷ ಕಾಲೇಜು ಹಂಚುವ ಕೌನ್ಸೆಲಿಂಗ್‌ನಲ್ಲಿ ಕಲಘಟಗಿ ಬಂದರೆ ಹುಬ್ಬಳ್ಳಿಗೆ ಬಂದು ಬಸ್ ಬದಲಿಸಬೇಕು. ಹುಬ್ಬಳ್ಳಿಯಲ್ಲಿ ಇದ್ದವರಿಗೆ ಯಾವ ತಾಲೂಕು ಬಂದರೂ ಒಂದೇ ಬಸ್ಸು.

ಆದೇಶ ಬರುವುದು ಒಂದು ವರ್ಷಕ್ಕೆ, ಅದೂ ಇಡೀ ವರ್ಷಕ್ಕಲ್ಲ. ರಜೆಯ ತಿಂಗಳಿಗೆ ಪಗಾರವಿಲ್ಲ. ನಡುವೆ ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ತಾಸು ಅವರಿಗೆ ಹೋಗುತ್ತದೆ, ಇವರು ಬೇರೆ ಕಾಲೇಜು ಹುಡುಕಬೇಕು. ಹೀಗಿರುವಾಗ ಡಿಪಾಜಿಟ್ ಕಟ್ಟಿ, ಸಾಮಾನು ಹೊತ್ತು, ಮಗುವನ್ನು ಹೊಸ ಸಾಲಿಗೆ ಹಾಕಿ ಸಣ್ಣ ಊರಿಗೆ ಯಾರು ಬರುತ್ತಾರೆ? ದುಬಾರಿ ಬಾಡಿಗೆಯನ್ನು ಅವರು ಸೌಖ್ಯಕ್ಕಾಗಿ ಕೊಡುತ್ತಿಲ್ಲ. ಯಾವ ಊರಿಗೆ ಕಳಿಸಿದರೂ ಹೋಗಿ ಬರಲು ಆಗಲಿ ಎಂದು ಕೊಡುತ್ತಿದ್ದಾರೆ.

ಉಳಿದ ಅರ್ಧ ಉತ್ತರ ಸಂಜೆಯದು. ಒಬ್ಬರು ಸಂಜೆ ಟ್ಯೂಷನ್ ಹೇಳುತ್ತಾರೆ. ಇನ್ನೊಬ್ಬರು ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸಿನಲ್ಲಿ ವಾರಕ್ಕೆರಡು ದಿನ ಪಾಠ ಮಾಡುತ್ತಾರೆ. ಅಲ್ಲಿ ಕೂತು ಕೇಳುವ ಹುಡುಗರೂ ಎಂ.ಎ. ಮುಗಿಸಿ ನೌಕರಿಗೆ ಕಾದವರೇ.

*

ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮಗನ ಕಿರಾಣಿ ಅಂಗಡಿ ಇದೆ. ಅವನ ಉದ್ರಿ ಪುಸ್ತಕ ಉದ್ದನೆಯದು, ಕೆಂಪು ಬಟ್ಟೆಯ ರಟ್ಟು. ಹೆಸರಿನ ಬದಲು ಗುರುತು ಬರೆಯುತ್ತಾನೆ: ‘ಮ್ಯಾಲಿನ ಮನಿ ಸರ’, ‘ರೇಲ್ವೆ ಅಣ್ಣಾರು’, ‘ಬ್ಯಾಂಕಿನ ಅಕ್ಕಾರು’. ರೇಲ್ವೆಯವರ ಪುಟದಲ್ಲಿ ಪ್ರತಿ ತಿಂಗಳ ಮೊದಲ ವಾರ ಒಂದು ಅಡ್ಡಗೆರೆ, ಅದರ ಕೆಳಗೆ ‘ಚುಕ್ತಾ’. ಹುಬ್ಬಳ್ಳಿ ನೈಋತ್ಯ ರೇಲ್ವೆಯ ಕೇಂದ್ರ, ಅಂಥ ಪುಟಗಳು ಬಹಳ ಇವೆ.

‘ಮ್ಯಾಲಿನ ಮನಿ ಸರ’ ಎಂಬ ಪುಟದವರು ಅತಿಥಿ ಉಪನ್ಯಾಸಕರು. ಸಕ್ಕರಿ, ತೊಗರಿ ಬ್ಯಾಳಿ, ಗೋದಿ ಹಿಟ್ಟು, ಸಾಬೂನು, ಚಹಾಪುಡಿ ಸಣ್ಣ ಪಾಕೀಟು. ತಿಂಗಳು ಮುಗಿದರೂ ಅಡ್ಡಗೆರೆ ಇಲ್ಲ. ಮುಂದಿನ ಪುಟ, ಅದರ ಮುಂದಿನ ಪುಟ. ಪುಟ ತಿರುವಿದಂತೆ ಸಾಮಾನು ಸಣ್ಣದಾಗುತ್ತ ಹೋಗುತ್ತದೆ: ಎರಡು ಕಿಲೋ ಇದ್ದದ್ದು ಒಂದು, ಒಂದು ಇದ್ದದ್ದು ಅರ್ಧ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ‘ಚುಕ್ತಾ’, ಅದೇ ದಿನ ಐದು ಕಿಲೋ ಎಣ್ಣೆಯ ಡಬ್ಬಿ.

‘ಸರ ಭಾಳ ಚಲೋ ಮನಶ್ಯಾರು ಮಾಮಾ, ರೊಕ್ಕ ಮುಳುಗಸೂದಿಲ್ಲ,’ ಅಂದ ಅಳಿಯ. ‘ಆದ್ರ ನನಗೂ ಮಾಲು ತರಬೇಕಲ್ಲ.’

ಕಿರಾಣಿಯಲ್ಲಿ ಉದ್ರಿ ನಡೆಯುತ್ತದೆ, ಎಲ್ಲ ಕಡೆ ನಡೆಯುವುದಿಲ್ಲ. ಹಾಲಿಗೆ ದಿನಾ ರೊಕ್ಕ ಬೇಕು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಸಿಲಿಂಡರಿಗೆ ರೊಕ್ಕ, ಕರೆಂಟಿಗೆ ದಿನಾಂಕ, ಭಿಶಿಗೆ ದಿನಾಂಕ, ಬಾಡಿಗೆಗೆ ದಿನಾಂಕ. ನಗರದಲ್ಲಿ ಪ್ರತಿಯೊಂದಕ್ಕೂ ತಾರೀಖು ಇದೆ, ಅವರ ಪಗಾರಕ್ಕೆ ಮಾತ್ರ ಇಲ್ಲ. ಅಂಕಿಗಿಂತ ಇದೇ ದೊಡ್ಡ ತಕರಾರು ಎಂದು ನನಗೆ ಕಾಣತೊಡಗಿದೆ. 32,000 ರೂಪಾಯಿ ತಿಂಗಳ ಐದಕ್ಕೆ ಬಂದರೆ ಒಂದು ಸಂಸಾರ ಹೇಗೋ ಹೊಂದಿಸಿಕೊಳ್ಳುತ್ತದೆ. ಅದೇ ರೊಕ್ಕ ನಾಲ್ಕು ತಿಂಗಳಿಗೊಮ್ಮೆ ಗಂಟಾಗಿ ಬಂದರೆ ಅದರಲ್ಲಿ ಬಡ್ಡಿಯ ಪಾಲು ಮೊದಲೇ ಹೋಗಿರುತ್ತದೆ.

ನೀರಿನ ಮಾತೂ ಬಂತು. ಹುಬ್ಬಳ್ಳಿ–ಧಾರವಾಡದ ಬಹಳ ಓಣಿಗಳಲ್ಲಿ ನೀರು ದಿನಾ ಬರುವುದಿಲ್ಲ. ನೀರು ಬಿಡುವ ದಿನ ಮನೆಯಲ್ಲಿ ಒಬ್ಬರು ಇರಬೇಕು. ಮುಂಜಾನೆ ಬಸ್ ಹಿಡಿಯುವವರು ಕೊಡ ತುಂಬಿಸುವ ಕೆಲಸ ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಾರೆ. ‘ನೀರ ಯಾವಾಗ ಬರತಾವಂತ ವಾಲ್ ಬಿಡೋರಿಗೆ ಫೋನ್ ಹಚ್ಚಿ ಕೇಳಬಹುದು ಕಾಕಾ, ಪಗಾರಿಗೆ ಯಾರಿಗೆ ಹಚ್ಚಬೇಕು?’ ಅಂದರು ಮೇಡಂ. ನನ್ನ ಹತ್ತಿರ ಉತ್ತರ ಇರಲಿಲ್ಲ.

*

ಸಿಕ್ಕ ಇನ್ನೊಂದು ಎಳೆ ಧಾರವಾಡದ್ದು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಶುರುವಾದದ್ದು. ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದಾಗ ಉತ್ತರ ಕರ್ನಾಟಕಕ್ಕೆಲ್ಲ ಅದೇ ಒಂದು. ಆಮೇಲೆ 1980ರಲ್ಲಿ ಗುಲಬರ್ಗಾ ಬೇರೆಯಾಯಿತು, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು, ಈಚೆಗೆ ಹಾವೇರಿಯೂ ಬೇರೆಯಾಯಿತು. ಬೇರೆಯಾದಾಗಲೆಲ್ಲ ಕಾಲೇಜುಗಳು ಹೋದವು. ಕಾಲೇಜುಗಳ ಜೊತೆ ಪರೀಕ್ಷಾ ಶುಲ್ಕ, ಸಂಯೋಜನೆಯ ಶುಲ್ಕ ಹೋದವು. ಹಿಂದೆ ದುಡಿದು ನಿವೃತ್ತರಾದವರ ಪಿಂಚಣಿಯ ಹೊರೆ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. ಪಿಂಚಣಿಗಾಗಿ ಹಿರಿಯ ಪ್ರಾಧ್ಯಾಪಕರು ಧರಣಿ ಕೂತ ಸುದ್ದಿಯನ್ನು ಓದಿದಾಗ ನನಗೆ ಸಂಕಟವಾಯಿತು. ಅವರ ಕೈಯಲ್ಲಿ ಓದಿದವರು ಈ ಜಿಲ್ಲೆಯ ಪ್ರತಿ ಊರಲ್ಲೂ ಇದ್ದಾರೆ.

ಇದರೊಳಗಿನ ಲೆಕ್ಕ ನೋಡಿ: ಕುಂದಗೋಳದ ಹುಡುಗಿ ಕಟ್ಟುವ ಪರೀಕ್ಷಾ ಶುಲ್ಕ ಧಾರವಾಡದ ಹಿರಿಯರ ಪಿಂಚಣಿಗೂ ಒಂದು ಆಧಾರ. ಆ ಹುಡುಗಿಗೆ ಪಾಠ ಹೇಳಿದ ಮೇಡಂಗೆ ಪಿಂಚಣಿಯೇ ಇಲ್ಲ. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸರ್ಕಾರದಲ್ಲೇ ಬಂತು, ಹಾವೇರಿಯದೂ ಅದರಲ್ಲಿತ್ತು. ತೆರೆಯುವಾಗ ರೊಕ್ಕದ ಮಾತು ಯಾರೂ ಯಾಕೆ ಎತ್ತಲಿಲ್ಲ?

*

ಪಠ್ಯದ ಗೊಂದಲ ಸಣ್ಣ ಟಿಪ್ಪಣಿಯಲ್ಲಿ ಮುಗಿಸುತ್ತೇನೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು. 2024ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಆಗ ಮೊದಲ ವರ್ಷದವರಿಗೆ ಒಂದು ಪಠ್ಯ, ಮೇಲಿನವರಿಗೆ ಇನ್ನೊಂದು. ಎರಡೂ ತಯಾರಿ ಮಾಡಿಕೊಂಡವರು ಈ ಅತಿಥಿ ಉಪನ್ಯಾಸಕರೇ. ಪಠ್ಯ ಬದಲಾದಾಗ ವಿಷಯದ ತಾಸು ಏರಿಳಿಯುತ್ತದೆ, ತಾಸು ಇಳಿದರೆ ಕೆಲಸ ಹೋಗುತ್ತದೆ.

*

ನವಲಗುಂದದಲ್ಲಿ ಹೋರಾಟ ಅಂದರೆ ಗೊತ್ತಿಲ್ಲದವರಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು, ಅಳಗವಾಡಿಯ ಬಸಪ್ಪ ಲಕ್ಕುಂಡಿ ತೀರಿಕೊಂಡರು. ಈಗಲೂ ಆ ದಿನ ಹುತಾತ್ಮರನ್ನು ನೆನೆಯುತ್ತಾರೆ. ಮಹದಾಯಿ ನೀರಿಗಾಗಿ ರೈತರು ಧರಣಿ ಕೂತಾಗ ಅಂಗಡಿಯವರು ಬಾಗಿಲು ಹಾಕಿದರು, ಮಠದವರು ಬಂದರು, ಹೆಣ್ಣುಮಕ್ಕಳು ರೊಟ್ಟಿ ಕಟ್ಟಿ ಕಳಿಸಿದರು.

ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿದಾಗ ಈ ನಾಲ್ಕೂ ಊರುಗಳಲ್ಲಿ ಒಂದು ಅಂಗಡಿಯೂ ಬಾಗಿಲು ಹಾಕಿದ್ದನ್ನು ನಾನು ಕಾಣಲಿಲ್ಲ. ಜನ ಕೆಟ್ಟವರಲ್ಲ. ರೈತನ ಸಂಕಟ ಊರಿಗೆ ಗೊತ್ತು, ಯಾಕೆಂದರೆ ಅವನು ಊರಲ್ಲಿರುತ್ತಾನೆ, ಅವನ ಸಾಲ ಯಾರ ಹತ್ತಿರ ಎಂಬುದೂ ಗೊತ್ತು. ನಾಲ್ಕರ ಬಸ್ಸಿಗೆ ಹೋಗುವವರ ಸಂಕಟ ಬಸ್ಸಿನ ಜೊತೆ ಹೋಗುತ್ತದೆ. ಅತ್ತ ಹುಬ್ಬಳ್ಳಿಯ ಓಣಿಯವರಿಗೆ ಅವರು ಬಾಡಿಗೆಯ ಮನೆಯವರು, ಎಲ್ಲಿ ಪಾಠ ಹೇಳುತ್ತಾರೆಂಬುದೂ ಗೊತ್ತಿಲ್ಲ. ರಾಜ್ಯದ 430ರ ಆಸುಪಾಸಿನ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ದುಡಿಯುತ್ತಾರೆ. ಅವರ ಪರವಾಗಿ ನಿಲ್ಲಲು ಒಂದು ಊರು ಇಲ್ಲ.

ಇದರಲ್ಲಿ ನಮ್ಮ ನಷ್ಟವೂ ಇದೆ. ಹಳ್ಳಿಯಿಂದ ಬಂದ ಹುಡುಗ ಸಂಜೆ ಹೋಗಿ ಒಂದು ಪುಸ್ತಕ ಕೇಳಲು, ಒಂದು ಅರ್ಜಿ ತುಂಬಿಸಿಕೊಳ್ಳಲು ಊರಲ್ಲಿ ಯಾರಿದ್ದಾರೆ? ಅಣ್ಣಿಗೇರಿಯ ಒಬ್ಬ ಹುಡುಗಿ ಹೇಳಿದಳು: ‘ಸರ ಭಾಳ ಚಂದ ಕಲಸ್ತಾರ್ರಿ. ಆದ್ರ ಡೌಟ್ ಕೇಳಾಕ ಹೋಗೂದ್ರಾಗ ಬಸ್ ಬಂದಿರತೈತಿ.’

*

ಮೊನ್ನೆ ಮತ್ತೆ ಅದೇ ಮೇಡಂ ಸಿಕ್ಕರು. ಪಗಾರ ಇನ್ನೂ ಆಗಿರಲಿಲ್ಲ. 2025ರಲ್ಲಿ ಯುಜಿಸಿ ಅರ್ಹತೆಯ ತಕರಾರು ಕೋರ್ಟು ಹತ್ತಿದಾಗಿನಿಂದ ನೆಟ್ ಆಗದ ಅವರ ಗೆಳತಿಗೆ ನಿದ್ದೆ ಇಲ್ಲವಂತೆ, ಹದಿನೈದು ವರ್ಷ ಪಾಠ ಹೇಳಿದವರು. ನಾನು ನೇರವಾಗಿ ಕೇಳಿದೆ: ‘ಮೂರು ವರ್ಷಕ್ಕ ಒಂದೇ ಕಾಲೇಜು ಅಂತ ಆರ್ಡರ್ ಕೊಟ್ರು, ತಿಂಗಳಾ ತಿಂಗಳಾ ಪಗಾರ ಹಾಕಿದ್ರು ಅಂತ ತಿಳೀರಿ. ನವಲಗುಂದಕ್ಕ ಬಂದ ಇರ್ತೀರೇನು?’

ಅವರು ನಗಲಿಲ್ಲ, ಯೋಚನೆ ಮಾಡಿದರು. ‘ಬರ್ತೀನ್ರಿ. ಆದ್ರ ಮಗಳಿಗೆ ಸಾಲಿ ಹೆಂಗದಾವು? ರಾತ್ರಿ ಜ್ವರ ಬಂದ್ರ ಡಾಕ್ಟ್ರು ಇರ್ತಾರೇನು? ನಮ್ಮನಿಯವರು ಹುಬ್ಬಳ್ಳಿಗೆ ಡ್ಯೂಟಿಗೆ ಹೋಗಬೇಕು, ಮುಂಜಾನೆ ಆರಕ್ಕ ಬಸ್ ಐತೇನು? ಮನಿ ಕೊಡೋರು ಡಿಪಾಜಿಟ್ ಎಷ್ಟು ಕೇಳ್ತಾರು?’

ನಾಲ್ಕನ್ನೂ ಬರೆದುಕೊಂಡೆ. ಬಸ್ಸಿನ ವೇಳೆ ಡಿಪೋದಲ್ಲಿ ಕೇಳಬೇಕು. ಡಿಪಾಜಿಟ್ ವಿಷಯಕ್ಕೆ, ನವಲಗುಂದದ ನಮ್ಮ ಓಣಿಯಲ್ಲೇ ಎರಡು ಮನೆ ಖಾಲಿ ಇವೆ, ಮಾಲೀಕರನ್ನು ಬುಧವಾರ ಕಂಡು ಮಾತಾಡುತ್ತೇನೆ.