ಕೈಯಲ್ಲಿ ಇಎಡಿ, ಕಾಲಡಿಯಲ್ಲಿ ಎಚ್-1ಬಿ

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿರುವ ಭಾರತೀಯರು ಗ್ರೀನ್ ಕಾರ್ಡಿನ ಕೊನೆಯ ಹಂತವಾದ ಐ-485 ಅರ್ಜಿಯನ್ನು, ಅಂದರೆ ಆ ದೇಶದೊಳಗಿದ್ದುಕೊಂಡೇ ಕಾಯಂ ನಿವಾಸಿಯಾಗಲು ಕೋರುವ ಅರ್ಜಿಯನ್ನು, ಸಲ್ಲಿಸಿದ ಮೇಲೆ ಎಚ್-1ಬಿಯಲ್ಲೇ ಮುಂದುವರಿಯಬಹುದು, ಇಲ್ಲವೇ ಆ ಅರ್ಜಿಯ ಬಲದಿಂದ ದೊರೆಯುವ ಇಎಡಿ ಎಂಬ ಉದ್ಯೋಗ ಪರವಾನಗಿಯನ್ನು ಬಳಸಬಹುದು. ಇಎಡಿ ಯಾವೊಬ್ಬ ಮಾಲೀಕನಿಗೂ ಕಟ್ಟುಬಿದ್ದದ್ದಲ್ಲವಾದ್ದರಿಂದ ಅದರ ಆಕರ್ಷಣೆ ಸಹಜವೇ. ಆದರೆ ಅದು ಕೆಲಸ ಮಾಡಲು ಕೊಟ್ಟ ಅನುಮತಿಯೇ ಹೊರತು ಸ್ವತಂತ್ರ ವಲಸೆ ಸ್ಥಾನಮಾನವಲ್ಲ ಎಂಬ ಸೂಕ್ಷ್ಮವು ಹಲವರ ಗಮನಕ್ಕೆ ಬರುವುದು ತಡವಾಗಿಯೇ. ಐ-485 ತಿರಸ್ಕೃತವಾದರೆ ಅದನ್ನು ನೆಚ್ಚಿಕೊಂಡ ಇಎಡಿಯ ಆಧಾರವೂ ಕುಸಿಯುತ್ತದೆ, ಎಚ್-1ಬಿಯನ್ನು ಉಳಿಸಿಕೊಂಡವರಿಗಾದರೋ ಅದರ ಅವಧಿ ಮುಗಿಯುವವರೆಗೆ ನಿಲ್ಲಲು ನೆಲವಿರುತ್ತದೆ.

ಪ್ರಯಾಣದ ವಿಷಯದಲ್ಲೂ ಇದೇ ಅಂತರ: ಎಚ್-1ಬಿಯವರು ಆ ವೀಸಾದ ಮೇಲೆಯೇ ಊರಿಗೆ ಬಂದು ಹಿಂದಿರುಗಬಹುದು, ಇಎಡಿಯನ್ನೇ ನಂಬಿದವರು ಅಡ್ವಾನ್ಸ್ ಪರೋಲ್ ಎಂಬ ಮುಂಗಡ ಮರುಪ್ರವೇಶದ ಅನುಮತಿ ಪಡೆಯದೆ ಹೊರಟರೆ ಅರ್ಜಿಯನ್ನೇ ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ. ಅರ್ಜಿಯ ನಂತರ ಮದುವೆಯಾದವರ ಸಂಗತಿ ಇನ್ನೂ ನಾಜೂಕು, ಏಕೆಂದರೆ ತಮ್ಮದೇ ಐ-485 ಸಲ್ಲಿಸದ ಸಂಗಾತಿಯ ಎಚ್-4 ಎಂಬ ಅವಲಂಬಿತ ಸ್ಥಾನಮಾನವು ಮೂಲ ಎಚ್-1ಬಿ ಇರುವಷ್ಟು ಕಾಲ ಮಾತ್ರ ಬಾಳುತ್ತದೆ.

ಅರ್ಜಿ ಸಲ್ಲಿಸಿ 180 ದಿನ ಕಳೆದ ಮೇಲೆ ಅದೇ ಬಗೆಯ ಬೇರೆ ಉದ್ಯೋಗಕ್ಕೆ ಹೋಗಲು 2000ದ ಕಾಯ್ದೆಯೊಂದು ಅವಕಾಶ ಕೊಟ್ಟಿರುವುದರಿಂದ, ಕೆಲಸ ಬದಲಿಸುವುದಕ್ಕಾಗಿಯೇ ಎಚ್-1ಬಿಯನ್ನು ಬಿಡಬೇಕಾದ ಅಗತ್ಯ ಸಾಮಾನ್ಯವಾಗಿ ಬೀಳದು, ಹೊಸ ಮಾಲೀಕನು ಎಚ್-1ಬಿ ಅರ್ಜಿ ಹಾಕಲು ಒಪ್ಪಿದರೆ ಸಾಕು. ಕೆಲಸ ಹಠಾತ್ತನೆ ಹೋದಾಗಲಷ್ಟೇ ಇಎಡಿಯ ನಿಜವಾದ ಬೆಲೆ ತಿಳಿಯುತ್ತದೆ.