ಎಡಗಾಲಿನ ಜಗಳ

ಹಳೆಯ ಕಾರು ಮಾರುವ ಮಾತು ಬಂದಾಗ ನಾನು ಮೊದಲೇ ಹೇಳಿಬಿಟ್ಟಿದ್ದೆ, ಈ ಸಲ ಸ್ಪೋರ್ಟ್ಸ್ ಕಾರ್ ಅಂತ. ಆಸೆಯೇನೋ ಬಿಎಂಡಬ್ಲ್ಯು ಎಂ2 ಮೇಲಿತ್ತು. ಅದನ್ನು ಇವತ್ತಿಗೂ ಆರು ಗೇರಿನ ಮ್ಯಾನುವಲ್‌ನಲ್ಲಿ ಕೊಡುತ್ತಾರೆ. ಆದರೆ ಅದರ ಬೆಲೆಗೆ ಊರಿನ ತೋಟ ಮಾರಿದರೂ ಸಾಲದು. ಕೊನೆಗೆ ಬಂದು ನಿಂತದ್ದು ಹ್ಯುಂಡೈ ಐ20 ಎನ್ ಲೈನ್ ಹತ್ತಿರ. 998 ಸಿಸಿ, ಮೂರು ಸಿಲಿಂಡರ್, ಟರ್ಬೊ, 120 ಪಿಎಸ್. ಇದನ್ನು ಸ್ಪೋರ್ಟ್ಸ್ ಕಾರ್ ಅಂದರೆ ತಿಳಿದವರು ನಗಬಹುದು. ನಗಲಿ ಬಿಡಿ. ಊರಿಗೆ ಹೋಗುವಾಗಲೆಲ್ಲ ನಾವು ದಾಟುವ ಇರುಂಗಾಟ್ಟುಕೋಟ್ಟೈಯಲ್ಲೇ ಇದರ ಕಾರ್ಖಾನೆ. 1990ರಲ್ಲಿ ಶುರುವಾದ ರೇಸ್ ಟ್ರ್ಯಾಕ್ ಕೂಡ ಅಲ್ಲೇ ಇದೆ. ಅಷ್ಟು ಸಂಬಂಧ ನನಗೆ ಸಾಕಾಗಿತ್ತು.

ಜಗಳ ಶುರುವಾದದ್ದು ಗೇರಿನ ವಿಷಯಕ್ಕೆ. 2021ರಲ್ಲಿ ಈ ಕಾರು ಬಂದಾಗ ಕ್ಲಚ್ ಪೆಡಲ್ ಇಲ್ಲದ, ಗೇರ್ ರಾಡ್ ಮಾತ್ರ ಇರುವ ಒಂದು ಎಡಬಿಡಂಗಿ ವ್ಯವಸ್ಥೆ ಇತ್ತು. 2023ರಲ್ಲಿ ಅದನ್ನು ತೆಗೆದು ನಿಜವಾದ ಮ್ಯಾನುವಲ್ ಕೊಟ್ಟರು. ನನ್ನಂಥವರ ಗೊಣಗಾಟ ಕೇಳಿಸಿತೇನೋ ಅಂದುಕೊಂಡೆ. ಇನ್ನೊಂದು ಆಯ್ಕೆ ಏಳು ಗೇರಿನ ಡಿಸಿಟಿ ಆಟೋಮ್ಯಾಟಿಕ್. ಅದಕ್ಕೆ ಒಂದು ಲಕ್ಷಕ್ಕೂ ಮೇಲೆ ಜಾಸ್ತಿ ಕೊಡಬೇಕು.

ನಾನು ಡ್ರೈವಿಂಗ್ ಕಲಿತದ್ದು ತೀರ್ಥಹಳ್ಳಿ ಕಡೆ, ಚಿಕ್ಕಪ್ಪನ ಜೀಪಿನಲ್ಲಿ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮೊದಲ ಸಲ ಇಳಿಸಿದ ದಿನ ಅವರು ಹೇಳಿಕೊಟ್ಟದ್ದು ಒಂದೇ ಪಾಠ: "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಬ್ರೇಕ್ ನಂಬಬೇಡ, ಇಂಜಿನ್ ನಂಬು." ಗೇರು ಕೈಯಲ್ಲಿದ್ದರೆ ಗಾಡಿ ಕೈಯಲ್ಲಿದ್ದ ಹಾಗೆ ಅನ್ನುವ ಭಾವನೆ ಅವತ್ತು ಮೈಗೆ ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ಲೆಕ್ಕ ಹಾಕಿ ನೋಡಿದರೆ ಗೆಲ್ಲುವುದು ಆಟೋಮ್ಯಾಟಿಕ್, ಅದು ನನಗೂ ಗೊತ್ತು. ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ನೀವು ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಸಿದ್ಧವಾಗಿ ಕೂತಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬದಲಾವಣೆ ಮುಗಿದಿರುತ್ತದೆ. ಯಾವ ಮನುಷ್ಯನ ಕಾಲಿಗೂ ಆ ವೇಗ ಬರುವುದಿಲ್ಲ. ಫೆರಾರಿಯವರು ಮ್ಯಾನುವಲ್ ಮಾಡುವುದನ್ನೇ ಬಿಟ್ಟಿದ್ದಾರೆ. ಆದರೂ ನನ್ನ ಹತ್ತಿರ ಒಂದು ತುರುಪು ಎಲೆ ಇತ್ತು. ಪೋರ್ಷೆಯವರು 2013ರ 911 ಜಿಟಿ3 ಕಾರನ್ನು ಆಟೋಮ್ಯಾಟಿಕ್‌ನಲ್ಲಿ ಮಾತ್ರ ತಂದರು. ಅಭಿಮಾನಿಗಳು ಬೈದರು. 2017ರಲ್ಲಿ ಮ್ಯಾನುವಲ್ ವಾಪಸ್ ಬಂತು. ಊಟದ ಹೊತ್ತಿಗೆ ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಸಾರು ಬಡಿಸುತ್ತಾ, "ರೀ, ಆ ಪೋರ್ಷೆಯವರು ದಿನಾ ಶೋಲಿಂಗನಲ್ಲೂರು ಸಿಗ್ನಲ್ ದಾಟ್ತಾರಾ?" ಅಂದಳು.

ಓಎಂಆರ್ ಬಗ್ಗೆ ಚೆನ್ನೈಯವರಿಗೆ ನಾನೇನು ಹೇಳುವುದು. ಮೆಟ್ರೋ ಕಂಬಗಳು ಏಳತೊಡಗಿದ ಮೇಲೆ ಫಸ್ಟ್ ಗೇರು, ಕ್ಲಚ್ಚು, ಮತ್ತೆ ಫಸ್ಟ್ ಗೇರು. ಸಂಜೆ ಮನೆಗೆ ಬರುವಾಗ ಎಡ ಮಂಡಿ ಮಾತಾಡುತ್ತದೆ. ಡಿಸಿಟಿಯ ಒಣ ಕ್ಲಚ್ ಕೂಡ ಇಂಥ ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ ಅಂತ ಸಮಾಧಾನ ಮಾಡಿಕೊಂಡೆ, ಅದು ಸುಳ್ಳೂ ಅಲ್ಲ.

ಆದರೆ ಅವಳ ವಾದ ಮಂಡಿಯದಾಗಿರಲಿಲ್ಲ. ಮದುವೆಗೆ ಮುಂಚೆ ಮೈಸೂರಿನಲ್ಲಿ ಕಾರು ಓಡಿಸಿದವಳು ಅವಳು. ಇಲ್ಲಿಗೆ ಬಂದ ವರ್ಷ ಒಂದು ಫ್ಲೈಓವರ್ ಏರಿನಲ್ಲಿ ಗಾಡಿ ನಿಂತುಹೋಯಿತು. ಹಿಂದಿನಿಂದ ಹಾರ್ನ್, ಪಕ್ಕದಿಂದ ತಮಿಳಿನಲ್ಲಿ ಬೈಗುಳ. ಬೈಗುಳ ಮಾತ್ರ ಪೂರ್ತಿ ಅರ್ಥವಾಯಿತಂತೆ. ಪಕ್ಕದ ಸೀಟಿನಲ್ಲಿದ್ದ ನಾನು ಸಮಾಧಾನ ಹೇಳುವ ಬದಲು "ಇಳಿ, ನಾನು ಓಡಿಸ್ತೀನಿ" ಅಂದೆ. ಅವತ್ತು ಇಳಿದವಳು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ನಾನೂ ಕೇಳಲಿಲ್ಲ.

ಹೋದ ವರ್ಷ ನಾನು ಬೆಂಗಳೂರಿನಲ್ಲಿದ್ದಾಗ ರಾತ್ರಿ ಎರಡು ಗಂಟೆಗೆ ಮಗಳಿಗೆ ಜ್ವರ ಏರಿತು. ಕರೆದ ಎರಡು ಕ್ಯಾಬುಗಳೂ ಕ್ಯಾನ್ಸಲ್ ಆದವು. ಕೆಳಗೆ ನಮ್ಮ ಕಾರು ನಿಂತಿತ್ತು, ಬೀಗದ ಕೈ ಅವಳ ಕೈಯಲ್ಲೇ ಇತ್ತು. ಮುಕ್ಕಾಲು ಗಂಟೆ ಗೇಟಿನ ಹತ್ತಿರ ಮಗು ಎತ್ತಿಕೊಂಡು ನಿಂತಿದ್ದಳು. ಮಗಳು ಎರಡು ದಿನದಲ್ಲಿ ಹುಷಾರಾದಳು. ಆ ಮುಕ್ಕಾಲು ಗಂಟೆಯ ವಿಷಯ ನನಗೆ ಗೊತ್ತಾದದ್ದು ಶೋರೂಮಿಗೆ ಹೋಗುವ ಹಿಂದಿನ ದಿನ. ದೂರಿನ ಧ್ವನಿಯೇನೂ ಇರಲಿಲ್ಲ, ಸುಮ್ಮನೆ ಹೇಳಿದಳು.

ಟೆಸ್ಟ್ ಡ್ರೈವಿಗೆ ಎರಡೂ ಕಾರು ಕೇಳಿದೆ. ಮ್ಯಾನುವಲ್ ನಾನು ಓಡಿಸಿದೆ. ಸೆಕೆಂಡಿನಿಂದ ಥರ್ಡಿಗೆ ರಾಡ್ ಬೀಳುವಾಗ ಆಗುವ ಖುಷಿಯನ್ನು ಸುಳ್ಳು ಅನ್ನಲಾರೆ. ಡಿಸಿಟಿಯನ್ನು ಅವಳು ಓಡಿಸಿದಳು. ಮೊದಲ ಐದು ನಿಮಿಷ ಉಸಿರು ಬಿಗಿಹಿಡಿದಿದ್ದಳು. ವಾಪಸ್ ಬರುವಾಗ ಸೇಲ್ಸ್ ಹುಡುಗನ ಹತ್ತಿರ ತಮಿಳಿನಲ್ಲಿ ಮೈಲೇಜ್ ವಿಚಾರಿಸುತ್ತಿದ್ದಳು. ಬುಕ್ ಮಾಡಿದ್ದು ಡಿಸಿಟಿ.

ಕಳೆದ ತಿಂಗಳು ಏಲಗಿರಿಗೆ ಹೋಗಿದ್ದೆವು. ಅಲ್ಲೂ ಹದಿನಾಲ್ಕು ತಿರುವುಗಳು. ತಿರುವುಗಳಿಗೆ ತಮಿಳು ಕವಿಗಳ ಹೆಸರಿಟ್ಟಿದ್ದಾರೆ. ಹತ್ತುವಾಗ ನಾನು ಓಡಿಸಿದೆ. ಇಳಿಯುವಾಗ ಅವಳು ಬೀಗದ ಕೈಗೆ ಕೈ ಚಾಚಿದಳು. ನಾನು ಎಡಗಡೆ ಕೂತೆ, ಪ್ರತಿ ತಿರುವಿಗೂ ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಮ್ಯಾಟಿನ ಮೇಲೆ ಒತ್ತುತ್ತಿತ್ತು. ಎರಡನೇ ತಿರುವಿನಲ್ಲಿ ಕೇಳಿದಳು, "ರೀ, ನೀವು ಯಾವ ಗೇರಲ್ಲಿ ಹತ್ತಿದ್ರಿ?"

"ಎರಡು."

ಸ್ಟೀರಿಂಗಿನ ಹಿಂದಿನ ಎಡ ಪ್ಯಾಡಲ್ ಎಳೆದಳು. ಇಂಜಿನ್ ಗುರ್ ಅಂದು ಗಾಡಿಯನ್ನು ಹಿಡಿದುಕೊಂಡಿತು.